ಬ್ಯುರೆಟ್‌ನ ಸೊನ್ನೆ ಮೇಲಿರುತ್ತೆ: ಲ್ಯಾಬಿಗೆ ಆರು ಬೋರ್ಡ್ ಮಾಡಿಸಿದ ಅನುಭವ

ಮೊನ್ನೆ ದ್ವಿತೀಯ ಪಿಯು ಕೆಮಿಸ್ಟ್ರಿ ಪ್ರಾಕ್ಟಿಕಲ್ ಪರೀಕ್ಷೆ ಮುಗಿಯಿತು. ಈಗ ಕೂತು ಬರೆಯಲು ಸ್ವಲ್ಪ ಸಮಯ ಸಿಕ್ಕಿದೆ. ನಮ್ಮದು ತುಮಕೂರು ಜಿಲ್ಲೆಯ ಒಂದು ತಾಲೂಕಿನ ಸರ್ಕಾರಿ ಕಾಲೇಜು. ನಾನು ಅಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಲ್ಯಾಬಿನ ಉಪಕರಣಗಳನ್ನು ಚಿತ್ರ, ಬೋರ್ಡ್, ಮೊಬೈಲ್ ಕ್ಯಾಮೆರಾ ಇಟ್ಟುಕೊಂಡು ಕಲಿಸಬೇಕು ಅಂತ ಹೊರಟು ಜೂನ್‌ನಿಂದ ಡಿಸೆಂಬರ್‌ವರೆಗೆ ಓಡಾಡಿದೆ. ಎಲ್ಲಿ ತಡವಾಯಿತು, ಎಲ್ಲಿ ದುಡ್ಡು ಹೋಯಿತು, ಏನು ಕೆಲಸಕ್ಕೆ ಬಂತು ಅಂತ ಬರೆದಿಟ್ಟರೆ ಬೇರೆ ಕಾಲೇಜಿನವರಿಗೆ ಇಷ್ಟು ಅಲೆದಾಟ ಇರುವುದಿಲ್ಲ.

ಶುರುವಾಗಿದ್ದು ಹೋದ ವರ್ಷದ ಪ್ರಿಪರೇಟರಿ ಪ್ರಾಕ್ಟಿಕಲ್‌ನಲ್ಲಿ. ಥಿಯರಿಯಲ್ಲಿ ಕ್ಲಾಸಿಗೇ ಮುಂದಿದ್ದ ಒಬ್ಬ ಹುಡುಗಿ ಟೈಟ್ರೇಶನ್ ಮಾಡುತ್ತಿದ್ದಳು. ಅಂದರೆ ಬ್ಯುರೆಟ್ ಅನ್ನೋ, ಅಳತೆಯ ಗೆರೆ ಹಾಕಿ ಕೆಳಗೆ ನಲ್ಲಿ ಇರುವ ಉದ್ದ ಗಾಜಿನ ಕೊಳವೆಯಿಂದ ಒಂದು ದ್ರಾವಣವನ್ನು ಇನ್ನೊಂದಕ್ಕೆ ಬಣ್ಣ ಬದಲಾಗುವವರೆಗೆ ಬಿಟ್ಟು, ಎಷ್ಟು ಬೇಕಾಯಿತು ಅಂತ ಅಳೆಯುವುದು. ಬಣ್ಣ ಸರಿಯಾಗಿ ಬಂದಿತ್ತು, ತೆಳು ಗುಲಾಬಿ. ಪುಸ್ತಕದಲ್ಲಿ 13.6 ಅಂತ ಬರೆದಳು. ನಾನು ಬಗ್ಗಿ ನೋಡಿದರೆ 12.4. ದ್ರಾವಣ 12ರ ಗೆರೆಯಿಂದ ನಾಲ್ಕು ಸಣ್ಣ ಗೆರೆ ಕೆಳಗೆ ನಿಂತಿತ್ತು. ಅವಳು 13ರಿಂದ ಮೇಲಕ್ಕೆ ಆರು ಗೆರೆ ಎಣಿಸಿದ್ದಳು. ಅಳತೆ ಜಾಡಿ ಓದುವ ಹಾಗೆ ಓದಿದ್ದಳು, ಅಷ್ಟೇ. ‘ಸೊನ್ನೆ ಎಲ್ಲಿದೆ ನೋಡಮ್ಮ’ ಅಂದೆ. ತಲೆ ಎತ್ತಿ ಬ್ಯುರೆಟ್‌ನ ತುದಿ ನೋಡಿದಳು. ಕಣ್ಣಲ್ಲಿ ನೀರು ಬಂತು. ಒಂದು ವರ್ಷ ಪೂರ್ತಿ ಅದೇ ಬ್ಯುರೆಟ್ ಹಿಡಿದ ಹುಡುಗಿ! ತಪ್ಪು ಅವಳದ್ದಲ್ಲ ಅಂತ ಅವತ್ತೇ ನನಗೆ ಅನ್ನಿಸಿತು.

ನಮ್ಮ ಲ್ಯಾಬಿನಲ್ಲಿ ಚಿತ್ರ ಇರಲಿಲ್ಲ ಅಂತಲ್ಲ. ಅಂಗಡಿಯಲ್ಲಿ ಸಿಗುವ ಚಾರ್ಟ್ ಇತ್ತು. ಒಂದೇ ಹಾಳೆಯಲ್ಲಿ ಮೂವತ್ತು ಉಪಕರಣ, ಒಂದೊಂದೂ ಹೆಬ್ಬೆರಳಿನಷ್ಟು, ಕೆಳಗೆ ಹೆಸರು. ಮಕ್ಕಳು ಆ ಹೆಸರುಗಳನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಅವರಲ್ಲಿ ಮುಕ್ಕಾಲು ಪಾಲು ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಪಠ್ಯದಲ್ಲಿ ಪ್ರನಾಳ, ಆಲಿಕೆ ಅಂತ ಓದಿದ್ದಾರೆ. ಮನೆಯಲ್ಲಿ ಎಣ್ಣೆ ಸುರಿಯೋದಕ್ಕೆ ಲಾಳಿಕೆ ಅನ್ನುತ್ತಾರೆ. ಪಿಯುಸಿಗೆ ಬಂದ ಮೊದಲ ದಿನವೇ ಅದೇ ವಸ್ತು ಫನಲ್ ಆಗಿಬಿಡುತ್ತದೆ. ಹೊಸ ಹೆಸರು ಕಲಿಯೋದರಲ್ಲೇ ಶಕ್ತಿಯೆಲ್ಲ ಹೋಗುತ್ತದೆ. ಕಣ್ಣು ಎಲ್ಲಿಡಬೇಕು, ಕೈ ಎಲ್ಲಿಡಬೇಕು ಅನ್ನೋದನ್ನು ಯಾವ ಚಾರ್ಟೂ ತೋರಿಸುವುದಿಲ್ಲ.

ಹಾಗಾಗಿ ಒಂದು ಬೋರ್ಡಿಗೆ ಒಂದೇ ಕೆಲಸ ಅಂತ ತೀರ್ಮಾನಿಸಿದೆ. ಬ್ಯುರೆಟ್ ಓದುವುದು. ಬ್ಯುರೆಟ್ ತುಂಬುವುದು. ಪಿಪೆಟ್, ಅಂದರೆ ಗೊತ್ತಾದ ಅಳತೆಯ ದ್ರಾವಣವನ್ನು ಎಳೆದು ಹಾಕುವ ಗಾಜಿನ ನಳಿ. ಯಾವುದನ್ನು ಯಾವುದರಿಂದ ತೊಳೆಯಬೇಕು. ಬರ್ನರ್ ಜ್ವಾಲೆ. ಟೆಸ್ಟ್ ಟ್ಯೂಬ್ ಕಾಯಿಸುವುದು. ಒಟ್ಟು ಆರು. ಪ್ರತಿಯೊಂದರಲ್ಲೂ ಸರಿಯಾದ ಚಿತ್ರದ ಪಕ್ಕದಲ್ಲಿ ಮಕ್ಕಳು ನಿಜವಾಗಿ ಮಾಡುವ ತಪ್ಪಿನ ಚಿತ್ರ.

ಜೂನ್ ಮೂರನೇ ವಾರ ಪ್ರಿನ್ಸಿಪಾಲರಿಗೆ ಮನವಿ ಕೊಟ್ಟೆ. ಎರಡು ವಾರ ಕಳೆದು ಅದು ವಾಪಸ್ ಬಂತು. ಎಷ್ಟು ಖರ್ಚು ಅಂತ ನಾನು ಬರೆದೇ ಇರಲಿಲ್ಲ. ಕೊಟೇಶನ್ ಇಲ್ಲದೆ ಕಾಲೇಜು ಅಭಿವೃದ್ಧಿ ಸಮಿತಿಯ ಮುಂದೆ ಇಡೋಕಾಗಲ್ಲ ಅಂದರು. ಮೂರು ಅಂಗಡಿ ಸುತ್ತಿದೆ. ಸನ್‌ಬೋರ್ಡ್ (ಹಗುರವಾದ ಫೋಮ್ ಹಲಗೆ) ಮೇಲೆ ಪ್ರಿಂಟ್ ಅಂಟಿಸಿ ಕೊಡುವುದಕ್ಕೆ ಚದರಡಿಗೆ ಒಬ್ಬರು 70 ರೂಪಾಯಿ, ಇನ್ನೊಬ್ಬರು 85, ಮತ್ತೊಬ್ಬರು 110 ಅಂದರು. ಮೂರು ಅಡಿಗೆ ಎರಡು ಅಡಿಯ ಆರು ಬೋರ್ಡ್, 36 ಚದರಡಿ. ಕಡಿಮೆ ದರದವರದ್ದೇ 2,520 ರೂಪಾಯಿ, ಮೇಲೆ ಶೇಕಡ 18 ಜಿಎಸ್‌ಟಿ ಸೇರಿ 2,974. ಫ್ಲೆಕ್ಸ್ ಇದಕ್ಕಿಂತ ತುಂಬಾ ಅಗ್ಗ. ಆದರೆ ಕಿಟಕಿಯ ಬೆಳಕಿಗೆ ಫ್ಲೆಕ್ಸ್ ಹೊಳೆಯುತ್ತದೆ, ಹಿಂದಿನ ಬೆಂಚಿನವರಿಗೆ ಬರೀ ಬೆಳ್ಳಗೆ ಕಾಣುತ್ತದೆ. ಸನ್‌ಬೋರ್ಡ್ ತಗೊಂಡರೂ ಮ್ಯಾಟ್ ಲ್ಯಾಮಿನೇಶನ್ ಅಂತ ಬಾಯಿ ಬಿಟ್ಟು ಕೇಳಿ. ಕೇಳದಿದ್ದರೆ ಹೊಳಪಿನದ್ದೇ ಹಾಕಿ ಕೊಡುತ್ತಾರೆ.

ಕೊಟೇಶನ್ ಕೊಟ್ಟ ಮೇಲೆ ಸಮಿತಿಯ ಸಭೆಗಾಗಿ ಕಾಯಬೇಕಾಯಿತು. ಎರಡು ಸಲ ದಿನ ಗೊತ್ತಾಗಿ ಮುಂದಕ್ಕೆ ಹೋಯಿತು. ಸಭೆ ನಡೆದಿದ್ದು ಆಗಸ್ಟ್ ಕೊನೆಗೆ. ಮೂರು ಸಾವಿರ ರೂಪಾಯಿ ಕೆಲಸಕ್ಕೆ ಎರಡು ತಿಂಗಳು. ತುಂಬಾ ಬೇಜಾರಾಗಿತ್ತು. ಕೈಯಿಂದಲೇ ಹಾಕಿ ಮುಗಿಸಿಬಿಡೋಣ ಅಂತ ಎಷ್ಟೋ ಸಲ ಅಂದುಕೊಂಡೆ. ನೀವು ಹೋಗುವುದಾದರೆ ಮೊದಲ ಸಲವೇ ಈ ನಾಲ್ಕನ್ನೂ ಒಟ್ಟಿಗೆ ಪಿನ್ ಮಾಡಿ ಕೊಡಿ: ಮನವಿ ಪತ್ರ, ಪ್ರತಿ ಬೋರ್ಡಿನ ಪೆನ್ಸಿಲ್ ಚಿತ್ರ, ಮೂರು ಕೊಟೇಶನ್, ಬೋರ್ಡ್ ಎಲ್ಲಿ ತೂಗುಹಾಕುತ್ತೀರಿ ಅನ್ನೋದು. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಆಮೇಲೆ ‘ಕೊಟ್ಟೇ ಇಲ್ಲ’ ಅನ್ನೋ ಮಾತು ಬರುವುದಿಲ್ಲ.

ಕಾಯುವ ಆ ದಿನಗಳು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಇಂಟರ್ನೆಟ್‌ನಿಂದ ಚಿತ್ರ ತೆಗೆಯೋಣ ಅಂದುಕೊಂಡಿದ್ದೆ. ಅವು ಯಾರದೋ ಸ್ವತ್ತು, ಜೊತೆಗೆ ನನಗೆ ಬೇಕಾದ ತಪ್ಪಿನ ಚಿತ್ರ ಒಂದೂ ಸಿಗಲಿಲ್ಲ. ಪಕ್ಕದ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರನ್ನು ಕೇಳಿದೆ. ಸಂಜೆ ಲ್ಯಾಬಿಗೆ ಬಂದು ಬ್ಯುರೆಟ್ ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತರು. ಅವರು ಜೀವನದಲ್ಲಿ ಅದನ್ನು ಮುಟ್ಟಿದವರಲ್ಲ. ಐದು ನಿಮಿಷ ಸುಮ್ಮನೆ ನೋಡಿ ಕೇಳಿದರು:

‘ಮೇಡಂ, ಇದರ ಸೊನ್ನೆ ಯಾಕೆ ಮೇಲಿದೆ?’

‘ಒಳಗೆ ಎಷ್ಟಿದೆ ಅಂತ ಇದು ಹೇಳಲ್ಲ ಸರ್. ಹೊರಗೆ ಎಷ್ಟು ಬಿಟ್ಟೆವು ಅಂತ ಹೇಳುತ್ತೆ.’

‘ಓ, ಕೊಟ್ಟಿದ್ದರ ಲೆಕ್ಕ. ಉಳಿದಿದ್ದರ ಲೆಕ್ಕ ಅಲ್ಲ. ಹಂಗೇ ಬರೀರಿ ಮತ್ತೆ!’

ಹದಿನಾಲ್ಕು ವರ್ಷ ಪಾಠ ಮಾಡಿದ ನನಗೆ ಇಷ್ಟು ಸರಳವಾಗಿ ಹೊಳೆದಿರಲಿಲ್ಲ. ಮೊದಲ ಬೋರ್ಡಿನ ತಲೆಬರಹ ಅದೇ ಆಯಿತು: ‘ಬ್ಯುರೆಟ್ ಹೇಳುವುದು ಕೊಟ್ಟಿದ್ದರ ಲೆಕ್ಕ.’ ಉಪಕರಣ ಗೊತ್ತಿಲ್ಲದವರ ಕೈಯಲ್ಲಿ ಚಿತ್ರ ಬರೆಸಿದರೆ ಮಕ್ಕಳ ಪ್ರಶ್ನೆಗಳು ಮೊದಲೇ ಎದುರಿಗೆ ಬಂದು ನಿಲ್ಲುತ್ತವೆ. ಇದನ್ನು ಎಲ್ಲರಿಗೂ ಹೇಳುತ್ತೇನೆ. ಪಿಪೆಟ್ ಬರೆಯುವಾಗಲೂ ಹಾಗೇ ಆಯಿತು. ಕೊನೆಯ ಹನಿ ತುದಿಯಲ್ಲೇ ಉಳಿಯುತ್ತೆ, ಅದನ್ನು ಊದಬಾರದು ಅಂದೆ. ಅಳತೆ ಕಮ್ಮಿ ಆಗಲ್ವಾ ಅಂದರು. ಆ ಹನಿಯನ್ನು ಬಿಟ್ಟೇ ಪಿಪೆಟ್ ಅಳತೆ ಮಾಡಿರುತ್ತಾರೆ, ತುದಿಯನ್ನು ಫ್ಲಾಸ್ಕಿನ ಗೋಡೆಗೆ ಮುಟ್ಟಿಸಿದರೆ ಸಾಕು ಅಂತ ವಿವರಿಸಿದೆ. ಆ ಉತ್ತರವೂ ಬೋರ್ಡಿಗೆ ಹೋಯಿತು. ಪಿಪೆಟ್ಟನ್ನು ಬಾಯಲ್ಲಿ ಎಳೆಯುವ ಚಿತ್ರ ಬೇಡವೇ ಬೇಡ ಅಂದೆ. ಮಕ್ಕಳು ಚಿತ್ರದಲ್ಲಿ ಕಂಡಿದ್ದನ್ನೇ ಮಾಡುತ್ತಾರೆ. ರಬ್ಬರ್ ಬಲ್ಬ್ ಹಾಕಿದ್ದನ್ನೇ ಬರೆದರು.

ನಾಲ್ಕನೇ ಬೋರ್ಡ್ ನನಗೆ ತುಂಬಾ ಮುಖ್ಯ. ಬ್ಯುರೆಟ್ಟನ್ನು ಅದರೊಳಗೆ ಹಾಕುವ ದ್ರಾವಣದಿಂದ ತೊಳೆಯಬೇಕು. ಪಿಪೆಟ್ಟೂ ಹಾಗೇ. ಬ್ಯುರೆಟ್ ಕೆಳಗಿಡುವ ಕೋನಿಕಲ್ ಫ್ಲಾಸ್ಕ್ ಮಾತ್ರ ಬರೀ ಡಿಸ್ಟಿಲ್ಡ್ ವಾಟರ್‌ನಿಂದ. ಫ್ಲಾಸ್ಕಿನಲ್ಲಿ ನೀರು ಉಳಿದರೆ ತೊಂದರೆ ಇಲ್ಲ, ಪಿಪೆಟ್ ಅಳೆದು ಹಾಕಿದ ವಸ್ತು ಅಷ್ಟೇ ಇರುತ್ತೆ. ದ್ರಾವಣ ಉಳಿದರೆ ಅಳತೆಗಿಂತ ಜಾಸ್ತಿ ಆಗುತ್ತೆ. ಮೂರೂ ಗಾಜಿನವೇ, ಮೂರನ್ನೂ ಒಂದೇ ಥರ ತೊಳೆಯೋಣ ಅಂತ ಮಕ್ಕಳು ಅಂದುಕೊಳ್ಳುವುದು ಸಹಜ ಅಲ್ವಾ?

ಸೆಪ್ಟೆಂಬರ್‌ನಲ್ಲಿ ಪ್ರಿಂಟಿಗೆ ಕೊಟ್ಟೆ. ಇಲ್ಲಿ ಎರಡು ಪೆಟ್ಟು ಬಿತ್ತು. ಮೊದಲನೆಯದು ಅಕ್ಷರದ್ದು. ನಾನು ಮೊಬೈಲಿನಲ್ಲಿ ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿ ಕಳಿಸಿದ್ದೆ. ಅವರ ಹಳೆಯ ಡಿಸೈನ್ ಸಾಫ್ಟ್‌ವೇರ್ ಕೋರೆಲ್ ಡ್ರಾ ಅದನ್ನು ಸರಿಯಾಗಿ ತೋರಿಸಲ್ಲ. ಒತ್ತಕ್ಷರ ಎಲ್ಲ ಬಿಡಿಬಿಡಿಯಾಗಿ ಪಕ್ಕಕ್ಕೆ ಬಂದು ಕೂತಿದ್ದವು. ‘ಬ್ಯುರೆಟ್’ ಓದಲಿಕ್ಕೇ ಬರುತ್ತಿರಲಿಲ್ಲ. ಒಂದೋ ಯೂನಿಕೋಡನ್ನು ನುಡಿ ಫಾಂಟಿಗೆ ಬದಲಿಸಿ ಕೊಡಬೇಕು, ಇಲ್ಲ ನೀವೇ ಪಿಡಿಎಫ್ ಮಾಡಿ ಕೊಡಬೇಕು. ನಾನು ಪಿಡಿಎಫ್ ಮಾಡಿಕೊಟ್ಟೆ. ಒಂದು ವಾರ ಹೋಯಿತು.

ಎರಡನೆಯದು ಮನಸ್ಸಿಗೆ ಹೆಚ್ಚು ನೋವು ಕೊಟ್ಟಿದ್ದು. ಮೇಷ್ಟ್ರ ಚಿತ್ರದಲ್ಲಿ ಅಂಕಿಗಳು ಚಿಕ್ಕದಾಗಿದ್ದವು ಅಂತ ಡಿಸೈನ್ ಮಾಡುವ ಹುಡುಗ ಹೊಸದಾಗಿ ಹಾಕಿದ್ದ. ಬೋರ್ಡ್ ತಂದು ಗೋಡೆಗೆ ಒರಗಿಸಿ ದೂರ ನಿಂತು ನೋಡಿದೆ. ಕೆಳಗೆ 0, ಮೇಲೆ 50. ಸ್ಕೇಲು ಕೆಳಗಿಂದ ಮೇಲಕ್ಕೆ ಹೋಗುತ್ತೆ ಅಂತ ಅವನು ತಿಳಿದಿದ್ದ. ಹೋದ ವರ್ಷ ಆ ಹುಡುಗಿ ಮಾಡಿದ ತಪ್ಪೇ ಮೂರಡಿ ಎತ್ತರದಲ್ಲಿ ನನ್ನೆದುರು ನಿಂತಿತ್ತು. ಪ್ರೂಫನ್ನು ನಾನು ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ನೋಡಿ ‘ಓಕೆ’ ಅಂದಿದ್ದೆ. ಅಂಗಡಿಯವರು ಒಳ್ಳೆಯವರು, ಆ ಒಂದು ಬೋರ್ಡಿನ ಮರುಪ್ರಿಂಟಿಗೆ ಅರ್ಧ ದುಡ್ಡು, 210 ರೂಪಾಯಿ ತಗೊಂಡರು. ಆದರೆ ಹಬ್ಬದ ಕೆಲಸ ಜಾಸ್ತಿ ಅಂತ ಕೈಗೆ ಸಿಕ್ಕಿದ್ದು ದಸರಾ ರಜೆ ಮುಗಿದ ಮೇಲೆ. ಪ್ರೂಫನ್ನು ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು, ಪಕ್ಕದಲ್ಲಿ ನಿಜವಾದ ಉಪಕರಣ ಇಟ್ಟುಕೊಂಡು ಒಂದೊಂದೇ ಅಂಕಿ ನೋಡಿ. ಆಮೇಲೆ ಸಹಿ ಹಾಕಿ.

ರಜೆಯಲ್ಲಿ ಇನ್ನೊಂದು ಪ್ರಯತ್ನ ಮಾಡಿದೆ. ಬ್ಯುರೆಟ್ ಒಳಗೆ ದ್ರಾವಣದ ಮೇಲ್ಮೈ ಬಾಗಿರುತ್ತಲ್ಲ, ಆ ಮೆನಿಸ್ಕಸ್ ಮಕ್ಕಳಿಗೆ ಕಾಣುವುದೇ ಕಷ್ಟ. ದೊಡ್ಡ ಮಾಡೆಲ್ ಮಾಡಿದರೆ ಬಾಗು ಕೂಡ ದೊಡ್ಡದಾಗಿ ಕಾಣುತ್ತೆ ಅಂದುಕೊಂಡು 640 ರೂಪಾಯಿ ಕೊಟ್ಟು ಎರಡು ಇಂಚು ಅಗಲದ ಅಕ್ರಿಲಿಕ್ ಪೈಪ್ ತರಿಸಿದೆ. ಅಡಿಗೆ ಬಿರಡೆ ಹಾಕಿ, ನೀಲಿ ಬಣ್ಣದ ನೀರು ತುಂಬಿದೆ. ನೀರಿನ ಮೇಲ್ಮೈ ತಟ್ಟೆಯ ಹಾಗೆ ಸಪಾಟಾಗಿ ನಿಂತಿತು! ಬಾಗು ಇಲ್ಲವೇ ಇಲ್ಲ. ಎರಡು ನಿಮಿಷ ಕಳೆದು ಕಾರಣ ಹೊಳೆಯಿತು. ನೀರು ಗೋಡೆಯನ್ನು ಹಿಡಿದು ಮೇಲೇರುವುದು ಅಂಚಿನ ಕೆಲವು ಮಿಲಿಮೀಟರಿನಲ್ಲಿ ಮಾತ್ರ. ಕೊಳವೆ ಅಗಲವಾದರೂ ಆ ಅಂಚು ಅಗಲವಾಗುವುದಿಲ್ಲ, ನಡುವೆ ಸಮತಟ್ಟು ಜಾಗ ಹೆಚ್ಚುತ್ತದೆ ಅಷ್ಟೇ. ಸಾಲದ್ದಕ್ಕೆ ನೀರು ಗಾಜನ್ನು ಹಿಡಿದಷ್ಟು ಚೆನ್ನಾಗಿ ಪ್ಲಾಸ್ಟಿಕ್ಕನ್ನು ಹಿಡಿಯುವುದಿಲ್ಲ. ದಯವಿಟ್ಟು ಯಾರೂ ದೊಡ್ಡ ಮಾಡೆಲ್‌ಗೆ ದುಡ್ಡು ಹಾಕಬೇಡಿ. ಮೆನಿಸ್ಕಸ್ ದೊಡ್ಡದಾಗಿ ಕಾಣಬೇಕೆಂದರೆ ಚಿಕ್ಕ ಬ್ಯುರೆಟ್ಟನ್ನೇ ಕ್ಯಾಮೆರಾದಲ್ಲಿ ದೊಡ್ಡದು ಮಾಡಬೇಕು.

ನವೆಂಬರ್ ಪೂರ್ತಿ ಅದೇ ಕೆಲಸ. ಮೊಬೈಲನ್ನು ಟಿವಿಗೆ ಜೋಡಿಸಲು 900 ರೂಪಾಯಿಯ ಅಡಾಪ್ಟರ್ ತಂದೆ. ನನ್ನ ಫೋನಿನ ಟೈಪ್-ಸಿ ಕಿಂಡಿಯಿಂದ ವಿಡಿಯೋ ಹೊರಗೆ ಬರುವುದೇ ಇಲ್ಲವಂತೆ. ತುಂಬಾ ಫೋನುಗಳಲ್ಲಿ ಆ ಸೌಲಭ್ಯ ಇರುವುದಿಲ್ಲ, ಮೊದಲೇ ವಿಚಾರಿಸಿ. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಕೊನೆಗೆ ಕಾಲೇಜಿನ ಸ್ಮಾರ್ಟ್ ಟಿವಿಗೆ ಹಾಟ್‌ಸ್ಪಾಟ್ ಮೂಲಕ ಸ್ಕ್ರೀನ್ ಕಾಸ್ಟ್ ಮಾಡಿದೆ. ಖರ್ಚಿಲ್ಲ. ಅರ್ಧ ಸೆಕೆಂಡ್ ತಡವಾಗಿ ಕಾಣುತ್ತೆ, ಅಷ್ಟೇ. ಟಿವಿಯನ್ನು ಲ್ಯಾಬಿಗೆ ಕೊಡಲು ಕಾಲೇಜಿನಲ್ಲಿ ಒಪ್ಪಲಿಲ್ಲ. ಆಸಿಡ್ ಹೊಗೆಗೆ ಹಾಳಾಗುತ್ತೆ ಅಂದರು, ಮಾತು ನಿಜವೇ. ಹಾಗಾಗಿ ಬ್ಯುರೆಟ್ ಸ್ಟ್ಯಾಂಡನ್ನೇ ಟಿವಿ ಇರುವ ಕ್ಲಾಸಿಗೆ ಹೊತ್ತುಕೊಂಡು ಹೋದೆ. ಓದುವುದನ್ನು ಕಲಿಸಲು ಆಸಿಡ್ ಯಾಕೆ ಬೇಕು? ನೀರು ಸಾಕು, ಆಮೇಲೆ ಸ್ವಲ್ಪ ಪೊಟ್ಯಾಸಿಯಂ ಪರ್ಮಾಂಗನೇಟ್.

ಮೊಬೈಲನ್ನು ಇನ್ನೊಂದು ಸ್ಟ್ಯಾಂಡಿನ ಕ್ಲ್ಯಾಂಪಿಗೆ 250 ರೂಪಾಯಿಯ ಹೋಲ್ಡರ್ ಸಿಕ್ಕಿಸಿ ಕೂರಿಸಿದೆ. ಬ್ಯುರೆಟ್ ಹಿಂದೆ ಒಂದು ರಟ್ಟಿನ ಕಾರ್ಡ್. ಮೇಲಿನ ಅರ್ಧ ಬಿಳಿ, ಕೆಳಗಿನ ಅರ್ಧ ಕಪ್ಪು. ಕಪ್ಪಿನ ಅಂಚನ್ನು ಮೆನಿಸ್ಕಸ್‌ನ ಸ್ವಲ್ಪ ಕೆಳಗೆ ಹಿಡಿದರೆ ಬಾಗಿನ ತಳ ಕಾಡಿಗೆ ತೀಡಿದ ಹಾಗೆ ಕಪ್ಪಗೆ, ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಟಿವಿಯಲ್ಲಿ ಅದು ಅಂಗೈ ಅಗಲ ಬಂದಾಗ ಇಡೀ ಕ್ಲಾಸು ‘ಓ’ ಅಂದಿತು. ಆ ಸದ್ದು ಕೇಳಿ ಆರು ತಿಂಗಳ ಸುಸ್ತು ಇಳಿದ ಹಾಗಾಯಿತು.

ಆಮೇಲೆ ಕ್ಯಾಮೆರಾವನ್ನು ಮೆಲ್ಲಗೆ ಮೇಲಕ್ಕೆ ಸರಿಸಿದೆ. ನೀರು ಅಲ್ಲೇ ಇದೆ, ಆದರೆ ಟಿವಿಯಲ್ಲಿ 12.4 ಇದ್ದದ್ದು 12.2 ಆಯಿತು. ಕೆಳಕ್ಕೆ ಸರಿಸಿದೆ, 12.6. ‘ಮೇಡಂ, ನೀರು ಬಿಟ್ಟೇ ಇಲ್ವಲ್ಲ’ ಅಂತ ಹಿಂದಿನ ಬೆಂಚಿನಿಂದ ಕೂಗು ಬಂತು. ಪ್ಯಾರಲಾಕ್ಸ್ ಅನ್ನೋ ಪದವನ್ನು ನಾನು ಅಲ್ಲಿಯವರೆಗೆ ಹೇಳಿರಲಿಲ್ಲ. ಆಗ ಹೇಳಿದೆ: ಕಣ್ಣಿನ ಎತ್ತರ ಬದಲಾದರೆ ಅಳತೆಯೂ ಬದಲಾದ ಹಾಗೆ ಕಾಣುವುದು. ನಮ್ಮ ಲ್ಯಾಬಿನ ಕಟ್ಟೆಯ ಮೇಲೆ ಸ್ಟ್ಯಾಂಡ್ ಇಟ್ಟರೆ ಸೊನ್ನೆಯ ಗೆರೆ ಎಷ್ಟೋ ಮಕ್ಕಳ ತಲೆಗಿಂತ ಮೇಲಿರುತ್ತದೆ. ಅವರು ಕತ್ತೆತ್ತಿ ನೋಡುತ್ತಾರೆ, ಜಾಸ್ತಿ ಓದುತ್ತಾರೆ. ಸ್ಟೂಲ್ ಹತ್ತಿಸಬೇಡಿ, ಅಪಾಯ. ಸ್ಟ್ಯಾಂಡನ್ನೇ ಸ್ಟೂಲಿನ ಮೇಲೆ ಇಳಿಸಿಕೊಂಡು ಓದಿಸಿ.

ಅದೇ ದಿನ ಒಬ್ಬ ಹುಡುಗ ಕೇಳಿದ, ‘ಮೇಡಂ, ಬೋರ್ಡಿನಲ್ಲಿ ತಳದ ಗೆರೆ ನೋಡಿ ಅಂತಿದೆ. ಪರ್ಮಾಂಗನೇಟ್‌ನಲ್ಲಿ ತಳ ಕಾಣಲ್ವಲ್ಲ?’ ಸರಿಯಾದ ಪ್ರಶ್ನೆ. ಗಾಢ ನೇರಳೆಯಲ್ಲಿ ತಳ ಕಾಣುವುದಿಲ್ಲ, ಮೇಲಿನ ಅಂಚನ್ನೇ ಓದಬೇಕು. ಶುರುವಿನಲ್ಲೂ ಕೊನೆಯಲ್ಲೂ ಅದನ್ನೇ. ನಮ್ಮ ಪ್ರಾಕ್ಟಿಕಲ್‌ನಲ್ಲಿ ಬರುವುದೇ ಪರ್ಮಾಂಗನೇಟ್, ಮೋರ್ಸ್ ಸಾಲ್ಟ್ (ಕಬ್ಬಿಣದ ಒಂದು ಉಪ್ಪು), ಆಕ್ಸಾಲಿಕ್ ಆಸಿಡ್. ಪರ್ಮಾಂಗನೇಟ್ ಓದುವುದನ್ನೇ ಬೋರ್ಡಿನಲ್ಲಿ ಹಾಕದೆ ಬಿಟ್ಟಿದ್ದೆ. ಒಂದು ಹಾಳೆಯಲ್ಲಿ ನೇರಳೆ ಚಿತ್ರ ಬರೆಸಿ ಮೂಲೆಗೆ ಅಂಟಿಸಿದ್ದೇನೆ. ಮೋರ್ಸ್ ಸಾಲ್ಟ್ ಮಾತು ಬಂದಾಗ ಮಕ್ಕಳಿಗೆ ಇನ್ನೊಂದು ಹೇಳಿದೆ. ಆ ಉಪ್ಪಿಗೆ ಹೆಸರು ಕೊಟ್ಟ ಜರ್ಮನಿಯ ಕಾರ್ಲ್ ಫ್ರೆಡ್ರಿಕ್ ಮೋರ್ (1806–1879) ರಬ್ಬರ್ ನಳಿಗೆ ಕ್ಲಿಪ್ ಹಾಕುವ ಬ್ಯುರೆಟ್ಟನ್ನೂ ಬಳಕೆಗೆ ತಂದವರು. ಆದರೆ ಪರ್ಮಾಂಗನೇಟ್ ರಬ್ಬರನ್ನು ತಿನ್ನುತ್ತದೆ, ಅದಕ್ಕೇ ನಮಗೆ ಗಾಜಿನ ನಲ್ಲಿಯದ್ದು. ಬ್ಯುರೆಟ್ಟಿಗೂ ಅದನ್ನು ಬೆಳೆಸಿದ ಒಬ್ಬ ಮನುಷ್ಯ ಇದ್ದ ಅಂತ ಗೊತ್ತಾದಾಗ ಮಕ್ಕಳ ಮುಖವೇ ಬೇರೆ ಆಗುತ್ತದೆ.

ಬೋರ್ಡುಗಳನ್ನು ತೂಗುಹಾಕಿ ಒಂದು ವಾರ ಆದ ಮೇಲೆ ನಾನು ಎಣಿಸಿರದ ಇನ್ನೊಂದು ವಿಷಯ ಗೊತ್ತಾಯಿತು. ಸರಿ ಚಿತ್ರದ ಸುತ್ತ ಹಸಿರು ಚೌಕ, ತಪ್ಪು ಚಿತ್ರದ ಸುತ್ತ ಕೆಂಪು ಚೌಕ ಹಾಕಿಸಿದ್ದೆ. ಒಬ್ಬ ಹುಡುಗ ಎಲ್ಲರೂ ಹೋದ ಮೇಲೆ ಉಳಿದು, ‘ಮೇಡಂ, ಇದರಲ್ಲಿ ಯಾವುದು ಸರಿ?’ ಅಂತ ಮೆಲ್ಲಗೆ ಕೇಳಿದ. ಅವನಿಗೆ ಕೆಂಪು, ಹಸಿರು ಒಂದೇ ಥರ ಕಾಣುತ್ತದೆ. ಎರಡು ವರ್ಷ ನನ್ನ ಲ್ಯಾಬಿನಲ್ಲಿದ್ದಾನೆ, ಹೇಳಿಕೊಂಡಿರಲಿಲ್ಲ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಮಾರನೇ ದಿನವೇ ಮಾರ್ಕರಿನಲ್ಲಿ ದೊಡ್ಡ ಟಿಕ್, ದೊಡ್ಡ ಇಂಟು ಹಾಕಿದೆ. ಗಂಡುಮಕ್ಕಳಲ್ಲಿ ಇದು ಅಪರೂಪವೇನಲ್ಲ. ಬರೀ ಬಣ್ಣದಿಂದ ಏನನ್ನೂ ಹೇಳಬೇಡಿ. ಜ್ವಾಲೆಯ ಬಣ್ಣ ನೋಡಿ ಲೋಹ ಗುರುತಿಸುವ ಫ್ಲೇಮ್ ಟೆಸ್ಟ್‌ನಲ್ಲಿ ಕ್ಯಾಲ್ಸಿಯಂನ ಇಟ್ಟಿಗೆ ಕೆಂಪು, ಬೇರಿಯಂನ ಸೇಬು ಹಸಿರು ಅಂತ ಹೇಳುವಾಗ ಇಂಥ ಮಗುವಿಗೆ ಮುಂದಿನ ಕನ್‌ಫರ್ಮೇಟರಿ (ಖಚಿತಪಡಿಸುವ) ಟೆಸ್ಟ್ ಮೇಲೆ ಹೆಚ್ಚು ಒತ್ತು ಕೊಡಿ.

ಸಿಮ್ಯುಲೇಶನ್ ಬಗ್ಗೆಯೂ ಕೆಲವರು ಕೇಳಿದ್ದಾರೆ. ಅಮೃತ ವಿಶ್ವವಿದ್ಯಾಪೀಠ ಮತ್ತು ಸಿ-ಡ್ಯಾಕ್ ಸೇರಿ ಮಾಡಿರುವ ಕಂಪ್ಯೂಟರಿನಲ್ಲೇ ಪ್ರಯೋಗ ಮಾಡಿ ನೋಡುವ ಓಲ್ಯಾಬ್ಸ್ ಅನ್ನು ಮಕ್ಕಳಿಗೆ ತೋರಿಸಿದೆ. ಯಾವುದಾದ ಮೇಲೆ ಯಾವುದು ಅನ್ನೋ ಕ್ರಮ ತಲೆಯಲ್ಲಿ ಕೂರಲು ಒಳ್ಳೆಯದು. ಆದರೆ ನಲ್ಲಿಯನ್ನು ಎಡಗೈಯಲ್ಲಿ ಬಳಸಿ ಹಿಡಿದು ಒಂದೊಂದೇ ಹನಿ ಬಿಡುವುದನ್ನು ಕೈಯೇ ಕಲಿಯಬೇಕು.

ಖರ್ಚು ಹೇಳಿಬಿಡುತ್ತೇನೆ. ಬೋರ್ಡಿನ 2,974 ರೂಪಾಯಿ ನಾನು ಮೊದಲು ಕೊಟ್ಟು, ಜಿಎಸ್‌ಟಿ ಬಿಲ್ಲು, ಸ್ಟಾಕ್ ರಿಜಿಸ್ಟರಿನಲ್ಲಿ ಹತ್ತಿಸಿದ ಪುಟದ ಜೆರಾಕ್ಸ್, ಬೋರ್ಡ್ ತೂಗುಹಾಕಿದ ಫೋಟೋ ಕೊಟ್ಟ ಮೇಲೆ ಡಿಸೆಂಬರ್‌ನಲ್ಲಿ ವಾಪಸ್ ಬಂತು. ಪೈಪ್, ಅಡಾಪ್ಟರ್, ಹೋಲ್ಡರ್, ಮರುಪ್ರಿಂಟ್, ರಟ್ಟಿಗೆ 20 ರೂಪಾಯಿ ಸೇರಿ 2,020 ನನ್ನ ಕೈಯಿಂದ. ಅದರಲ್ಲಿ ನಿಜವಾಗಿ ಬೇಕಿದ್ದದ್ದು ಹೋಲ್ಡರ್ ಮತ್ತು ರಟ್ಟು, 270 ರೂಪಾಯಿ.

ಪರೀಕ್ಷೆಯ ಹಿಂದಿನ ದಿನ ಬೋರ್ಡುಗಳನ್ನೆಲ್ಲ ಇಳಿಸಿದೆವು. ಪರೀಕ್ಷೆ ನಡೆಯುವಾಗ ಗೋಡೆಯ ಮೇಲೆ ಏನೂ ಇರಬಾರದಲ್ಲ. ಬರೀ ಮೊಳೆಗಳು ಉಳಿದವು, ನನಗೆ ಮನಸ್ಸು ತಡೆಯಲಿಲ್ಲ. ಬೆಳಗ್ಗೆ ಮೊದಲ ಬ್ಯಾಚ್ ಬಂತು. ಒಬ್ಬಳು ಫನಲ್ ತೆಗೆದಿಟ್ಟು, ನಲ್ಲಿಯ ಕೆಳಗಿನ ಗಾಳಿಗುಳ್ಳೆ ಹೊರಗೆ ಬಿಟ್ಟು, ಸ್ಟ್ಯಾಂಡನ್ನು ಸ್ಟೂಲಿನ ಮೇಲೆ ಇಳಿಸಿಕೊಂಡಳು. ನಾನು ಅವಳಿಗೆ ಏನೂ ಹೇಳಿರಲಿಲ್ಲ. ಇನ್ನೊಬ್ಬ ಹುಡುಗ ಜಾಮಿಟ್ರಿ ಬಾಕ್ಸಿನಿಂದ ಕಪ್ಪು ಬಿಳಿ ರಟ್ಟು ತೆಗೆದ. ಮನೆಯಲ್ಲಿ ತಾನೇ ಕತ್ತರಿಸಿ ಮಾಡಿಕೊಂಡಿದ್ದ. ‘ಇದನ್ನು ಇಟ್ಕೋಬಹುದಾ ಮೇಡಂ?’ ಅಂದ. ನಾನು ಹೊರಗಿನಿಂದ ಬಂದಿದ್ದ ಎಕ್ಸಾಮಿನರ್ ಕಡೆ ನೋಡಿದೆ. ಅವರು ರಟ್ಟನ್ನು ಎರಡೂ ಕಡೆ ತಿರುಗಿಸಿ ನೋಡಿದರು. ಏನೂ ಬರೆದಿರಲಿಲ್ಲ. ಪಕ್ಕದ ಬ್ಯುರೆಟ್ಟಿನಲ್ಲಿ ನೀರಿತ್ತು, ಅದರ ಹಿಂದೆ ಹಿಡಿದು ಮೊಣಕಾಲು ಬಗ್ಗಿಸಿ ಕಣ್ಣು ಕೂರಿಸಿದರು. ಸ್ವಲ್ಪ ಹೊತ್ತು ಹಾಗೇ ಇದ್ದರು.

‘ಇರಲಿ ಬಿಡಿ’ ಅಂದರು. ಮಧ್ಯಾಹ್ನ ಊಟಕ್ಕೆ ಕೂತಾಗ ಅದರ ಅಳತೆ ಕೇಳಿದರು. ಹತ್ತು ಸೆಂಟಿಮೀಟರ್ ಉದ್ದ, ಆರು ಅಗಲ, ಕೆಳಗಿನ ಐದು ಸೆಂಟಿಮೀಟರ್ ಕಪ್ಪು ಅಂತ ಚೀಟಿಯಲ್ಲಿ ಬರೆದುಕೊಟ್ಟೆ.